ನಮ್ಮ ಫಸ್ಟ್ ಬ್ಯಾಚ್ ಹೋಯಿತು, ಟೂರ್ನಿ ಆಡಬೇಕಾ ಬೇಡವಾ?

ಮಂಡ್ಯ ಖೋ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಫೈನಲ್ ಇಯರ್ ಬಿ.ಕಾಂ. ಕಾಲೇಜಿನ ಖೋ-ಖೋ ಟೀಮಿನಲ್ಲಿ ಆಡುತ್ತೇನೆ. ಹೋದ ತಿಂಗಳು ನಮ್ಮ ಟೀಮಿನ ಮೂರು ಜನ ಹುಡುಗರು ಕಾರ್ ಆಕ್ಸಿಡೆಂಟಿನಲ್ಲಿ ತೀರಿಕೊಂಡರು. ಅವರ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಮನೆಯವರ ಕಣ್ಣಿಗೆ ಬಿದ್ದರೆ ಇನ್ನಷ್ಟು ಸಂಕಟ. ಗೊತ್ತಿರುವವರೂ ದಯವಿಟ್ಟು ಹಾಕಬೇಡಿ.

ಹೊರಗಡೆ ಊರಲ್ಲಿ ಟೂರ್ನಿ ಮುಗಿಸಿಕೊಂಡು ವಾಪಸ್ ಬರುವಾಗ ಆದದ್ದು. ನಾವು ಉಳಿದವರು ಬಸ್ಸಿಗೆ ಹೊರಟೆವು. ಆ ಮೂವರಲ್ಲಿ ಚಿಕ್ಕವನಿಗೆ ಬೆಳಗ್ಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ತಡ ಆಗುತ್ತೆ ಅಂತ ಮೂವರೂ ಕ್ಯಾಪ್ಟನ್‌ನ ಮಾವನ ಕಾರಲ್ಲಿ ಹೊರಟರು. ಕ್ಯಾಪ್ಟನ್ನೇ ಓಡಿಸುತ್ತಿದ್ದ. ಕುಡಿದಿರಲಿಲ್ಲ, ಅವನು ಕುಡಿಯುವವನೇ ಅಲ್ಲ. ಜನ ಮೊದಲು ಕೇಳುವುದು ಅದನ್ನೇ, ಅದಕ್ಕೆ ಹೇಳಿಬಿಡುತ್ತೇನೆ. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ಲೈಟ್ ಇಲ್ಲ, ರೇಡಿಯಂ ಇಲ್ಲ, ಸೊಪ್ಪು ಮುರಿದು ರಸ್ತೆ ಮೇಲೆ ಹಾಕೋದನ್ನೂ ಮಾಡಿರಲಿಲ್ಲ. ಟ್ರೇಲರಿನಿಂದ ಕಬ್ಬಿನ ತುದಿ ಹೊರಗೆ ಚಾಚಿಕೊಂಡಿರುತ್ತಲ್ಲ, ರಾತ್ರಿ ಅದು ಹತ್ತಿರ ಬರೋವರೆಗೂ ಕಾಣೋದೇ ಇಲ್ಲ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಖೋ-ಖೋ ಗೊತ್ತಿಲ್ಲದವರಿಗೆ ಒಂದು ಮಾತು. ಡಿಫೆನ್ಸ್‌ಗೆ ಒಮ್ಮೆಗೆ ಮೂರು ಜನ ಇಳಿಯುತ್ತಾರೆ. ಆ ಮೂವರೂ ಔಟಾದ ಮೇಲೆ ಮುಂದಿನ ಮೂವರು. ಮೊದಲು ಇಳಿಯುವವರು ಫಸ್ಟ್ ಬ್ಯಾಚ್. ಅವರು ಎಷ್ಟು ಹೊತ್ತು ಸಿಗದೆ ಓಡುತ್ತಾರೋ ಅಷ್ಟರ ಮೇಲೆ ಮ್ಯಾಚ್ ನಿಂತಿರುತ್ತೆ. ಹೋದ ಮೂವರು ನಮ್ಮ ಫಸ್ಟ್ ಬ್ಯಾಚ್.

ಅವರ ಆಟದ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಎಲ್ಲಾ ಕಡೆ ಆಕ್ಸಿಡೆಂಟ್ ಬಗ್ಗೆಯೇ ಬಂತು, ಆಟದ ಬಗ್ಗೆ ಒಬ್ಬರೂ ಬರೆಯಲಿಲ್ಲ.

ಕ್ಯಾಪ್ಟನ್ ರಿಂಗ್ ಆಡುತ್ತಿದ್ದ. ಕೂತವರ ಸುತ್ತಲೇ ಸುತ್ತು ಹಾಕುತ್ತಾ, ಅಟ್ಟಿಸಿಕೊಂಡು ಬರುವವನನ್ನು ಸುಸ್ತು ಮಾಡುವುದು. ಜೋರಾಗಿ ಓಡುವವನೇ ಅಲ್ಲ. ಚೇಸರ್‌ನ ಭುಜ ನೋಡುತ್ತಿದ್ದ. "ಕಾಲು ಸುಳ್ಳು ಹೇಳ್ತದೆ ಕಣ್ಲಾ, ಭುಜ ಹೇಳಲ್ಲ" ಅಂತ ಜೂನಿಯರ್‌ಗಳಿಗೆ ಹೇಳಿಕೊಡುತ್ತಿದ್ದ. ಅವರಪ್ಪನೂ ಕಬ್ಬು ಬೆಳೆಯುವವರೇ.

ಎರಡನೆಯವನು ಚೇಸಿಂಗ್‌ನಲ್ಲಿ ಕಂಬದ ಹತ್ತಿರ ಡೈವ್ ಹೊಡೆಯುವವನು. ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈ ಗಾಳಿಗೆ ಬಿಡುತ್ತಿದ್ದ. ಅವನ ಎಡ ಮೊಣಕೈ ಗಾಯ ಯಾವತ್ತೂ ಪೂರ್ತಿ ಒಣಗಿದ್ದೇ ಇಲ್ಲ. ಅರ್ಧ ಒಣಗುವಷ್ಟರಲ್ಲಿ ಮತ್ತೆ ಡೈವ್, ಮತ್ತೆ ಸಿಪ್ಪೆ ಕಿತ್ತು ಬರೋದು, ಮತ್ತೆ ಅರಿಶಿನ. ಶವಾಗಾರದಲ್ಲಿ ಅವರಪ್ಪ ಬಟ್ಟೆ ಸರಿಸಿ ಮೊದಲು ನೋಡಿದ್ದು ಆ ಮೊಣಕೈಯನ್ನು. ನಾನು ಪಕ್ಕದಲ್ಲೇ ಇದ್ದೆ.

ಚಿಕ್ಕವನು ಫಸ್ಟ್ ಇಯರ್. ಒಂದು ಕ್ಷಣ ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ. 2025ರ ಜನವರಿಯಲ್ಲಿ ಡೆಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಆಯಿತಲ್ಲ, ಗಂಡಸರು ಹೆಂಗಸರು ಎರಡೂ ಟೀಮು ಗೆದ್ದವು. ಅದರಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ಆ ಟೀಮಿನ ಫೋಟೋ ಇವನ ಫೋನಿನ ಮೇಲೆ ಇತ್ತು. "ಕುರುಬೂರಿಂದ ಹೋಗಬಹುದಾದ್ರೆ ನಮ್ಮೂರಿಂದ ಯಾಕಾಗಲ್ಲ?" ಅಂತ ಕೇಳುತ್ತಿದ್ದ. ಬರೀ ಮಾತಲ್ಲ ಅದು. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಗ್ರೌಂಡಿಗೆ ಬಂದು ಸುಣ್ಣದ ಗೆರೆ ಹಾಕುತ್ತಿದ್ದವನು ಅವನೇ.

ಈಗ ನನ್ನ ಪ್ರಶ್ನೆ. ಮುಂದಿನ ತಿಂಗಳು ಇನ್ನೊಂದು ಅಂತರ ಕಾಲೇಜು ಟೂರ್ನಿ ಇದೆ. ಪಿ.ಟಿ. ಸರ್ ನನ್ನನ್ನು ಕ್ಯಾಪ್ಟನ್ ಆಗು ಅಂದಿದ್ದಾರೆ. ಟೀಮಿನಲ್ಲಿ ಅರ್ಧ ಜನ ಆಡೋಣ ಅಂತಾರೆ, ಅರ್ಧ ಜನ ಈ ವರ್ಷ ಬೇಡ ಅಂತಾರೆ. ಕ್ಯಾಪ್ಟನ್‌ನ ಅವ್ವ "ಆಡ್ರಪ್ಪಾ, ನಿಲ್ಲಿಸಬ್ಯಾಡಿ" ಅಂದರು. ಆದರೆ ಎರಡನೆಯವನ ಅಪ್ಪ, "ಆ ಆಟದಿಂದಲೇ ನನ್ ಮಗ ಹೋದ, ಇನ್ನು ಆ ಗ್ರೌಂಡಲ್ಲಿ ಅವನ ಹೆಸರು ಕೂಗಬ್ಯಾಡಿ" ಅಂತ ಕೈ ಮುಗಿದರು. ಅಷ್ಟು ದೊಡ್ಡವರು ನಮ್ಮ ಮುಂದೆ ಕೈ ಮುಗಿದರೆ ಏನು ಮಾಡೋದು ಹೇಳಿ. ಚಿಕ್ಕವನ ಅಮ್ಮ ಅವನ ಜರ್ಸಿ ಕೇಳಿದ್ದಾರೆ. ಅದು ಕಿಟ್ ಬ್ಯಾಗಿನಲ್ಲಿ ಹಾಗೇ ಇದೆ. ಕೊನೇ ಮ್ಯಾಚಿನ ಬೆವರು, ಮಣ್ಣು ಎಲ್ಲಾ ಇದೆ. ಒಗೆದು ಕೊಡಬೇಕಾ, ಹಾಗೇ ಕೊಡಬೇಕಾ?

ಪ್ರಾಕ್ಟೀಸ್ ಶುರು ಮಾಡಿದ್ದೇವೆ. ಡಿಫೆನ್ಸ್ ಅಂದ ತಕ್ಷಣ ಎಲ್ಲರೂ ನೆಲ ನೋಡುತ್ತಾರೆ. ಫಸ್ಟ್ ಬ್ಯಾಚ್‌ಗೆ ಹೋಗೋಕೆ ಯಾರೂ ಎದ್ದೇಳುತ್ತಿಲ್ಲ. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ಹಳೇ ಪಿ.ಟಿ. ಮೇಷ್ಟ್ರು, ಮೈಸೂರು

ಮಗು, ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ನಾನು ಮೈಸೂರಿನ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ವಿಭಾಗದಲ್ಲಿ ಇದ್ದು ರಿಟೈರ್ ಆದವನು. ಓವಲ್ ಮೈದಾನದಲ್ಲಿ, ಚಾಮುಂಡಿ ವಿಹಾರದಲ್ಲಿ ನಿನ್ನಂಥ ಹುಡುಗರನ್ನು ಓಡಿಸಿ ಓಡಿಸಿ ಕೂದಲು ಬೆಳ್ಳಗಾಯಿತು. ನಿನ್ನ ಕ್ಯಾಪ್ಟನ್ ಭುಜ ನೋಡಿ ಓಡುತ್ತಿದ್ದ ಅಂದೆಯಲ್ಲ, ಅದನ್ನು ಇಪ್ಪತ್ತು ವರ್ಷ ಹೇಳಿಕೊಟ್ಟರೂ ಕೆಲವರಿಗೆ ಬರೋದಿಲ್ಲ.

ಮೊದಲು ನಿಮ್ಮ ಪಿ.ಟಿ. ಸರ್‌ಗೆ ಹೇಳಬೇಕಾದ ಮಾತು. ಟೂರ್ನಿಗೆ ಹೋದ ಟೀಮು ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಎಷ್ಟೋ ಕಡೆ ಹುಡುಗರ ಕೈಗೆ ಬಸ್ ಚಾರ್ಜು, ಊಟದ ದುಡ್ಡು ಕೊಟ್ಟು "ಹೋಗಿ ಬನ್ರಪ್ಪಾ" ಅಂತಾರೆ. ಅವರು ಆ ದುಡ್ಡು ಉಳಿಸೋಕೆ, ಟೈಮ್ ಉಳಿಸೋಕೆ ಯಾರದೋ ಕಾರು, ಯಾರದೋ ಬೈಕು ಹತ್ತುತ್ತಾರೆ. ದಿನವಿಡೀ ಆಡಿ ಸುಸ್ತಾದ ಇಪ್ಪತ್ತು ವರ್ಷದ ಹುಡುಗ ರಾತ್ರಿ ಸ್ಟಿಯರಿಂಗ್ ಹಿಡಿಯೋದು. ಅವನು ಕುಡಿಯದಿದ್ದರೂ ಅವನ ಕಣ್ಣು ದಣಿದಿರುತ್ತೆ. ಇದರಲ್ಲಿ ಆ ಹುಡುಗರ ತಪ್ಪು ಹುಡುಕಬೇಡಿ. ರಾತ್ರಿ ಅಲ್ಲೇ ಉಳಿಸಿ, ಬೆಳಗ್ಗೆ ಟೀಮ್ ಬಸ್ಸಲ್ಲಿ ಕರೆತರುವುದು ದೊಡ್ಡವರ ಕೆಲಸ. ಪರೀಕ್ಷೆ ಇದ್ದರೆ ಒಂದು ಪತ್ರ ಕೊಟ್ಟು ಮುಂದಕ್ಕೆ ಹಾಕಿಸುವುದೂ ದೊಡ್ಡವರ ಕೆಲಸ.

2019ರ ಅಕ್ಟೋಬರ್ 14ರಂದು ಮಧ್ಯಪ್ರದೇಶದ ಹೋಶಂಗಾಬಾದ್ ಹತ್ತಿರ ಹೀಗೇ ಆಗಿತ್ತು. ಧ್ಯಾನ್ ಚಂದ್ ಟ್ರೋಫಿ ಆಡೋಕೆ ಬಂದಿದ್ದ ಹಾಕಿ ಹುಡುಗರು. ಏಳು ಜನ ಒಂದೇ ಕಾರಲ್ಲಿ ಇಟಾರ್ಸಿಯಿಂದ ವಾಪಸ್ ಬರುತ್ತಿದ್ದರು, ನಾಲ್ವರು ಹೋದರು. ಅದಕ್ಕೂ ಹಿಂದೆ, 2018ರ ಜನವರಿ 7ರಂದು, ಡೆಲ್ಲಿ ಗಡಿಯಲ್ಲಿ ಮಂಜು ಕವಿದಿದ್ದಾಗ ಪವರ್‌ಲಿಫ್ಟಿಂಗ್ ಹುಡುಗರ ಕಾರು. ಪ್ರತಿ ಸಲವೂ ಅದೇ ಕಥೆ. ಟೀಮಿನ ಹುಡುಗರು, ಒಂದೇ ಕಾರು, ಹೊತ್ತಲ್ಲದ ಹೊತ್ತು.

ನಮ್ಮ ಕಡೆಯದ್ದೂ ಒಂದು ಹೇಳುತ್ತೇನೆ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಒಳ್ಳೇದೇ ಆಯಿತು. ಆದರೆ ಕಬ್ಬಿನ ಟ್ರ್ಯಾಕ್ಟರ್ ಓಡಾಡೋದು ಹೆಚ್ಚಾಗಿ ಒಳರಸ್ತೆಗಳಲ್ಲಿ. ಅಲ್ಲಿ ಬೀದಿ ದೀಪವೂ ಇಲ್ಲ, ನೋಡುವವರೂ ಇಲ್ಲ.

ಆಡಬೇಕಾ ಅಂತ ಕೇಳಿದೆ. ಆಡು ಮಗು. ಆದರೆ ಕಪ್ ಗೆದ್ದು ಅವರಿಗೆ ಅರ್ಪಿಸುತ್ತೇವೆ ಅಂತ ಹುಡುಗರ ತಲೆಗೆ ತುಂಬಬೇಡ. ಸೋತರೆ ಸತ್ತವರಿಗೂ ಮೋಸ ಮಾಡಿದೆವು ಅಂದುಕೊಳ್ಳುತ್ತಾರೆ. ಆ ಭಾರ ಹೊತ್ತು ಯಾವ ಹುಡುಗನೂ ಓಡೋಕಾಗಲ್ಲ.

ಪಾಂಡವಪುರದ ಅಕ್ಕ

ತಮ್ಮಾ, ಜರ್ಸಿ ಒಗೆಯಬೇಡ. ದಯವಿಟ್ಟು ಒಗೆಯಬೇಡ. ಉಳಿದದ್ದನ್ನು ಆಮೇಲೆ ಓದು, ಮೊದಲು ನಿಮ್ಮ ಟೀಮಿನವರಿಗೆ ಫೋನ್ ಮಾಡಿ ಇದನ್ನು ಹೇಳು.

ನನ್ನ ತಮ್ಮ ಕಾಲೇಜಿಗೆ ಕಬಡ್ಡಿ ಆಡುತ್ತಿದ್ದ. ಫ್ರೆಂಡ್ಸ್ ಜೊತೆ ಕಾರಲ್ಲಿ ಬರುವಾಗ ಹೋದ. ಅವನ ಟೀಮಿನವರು ಒಳ್ಳೇ ಮನಸ್ಸಿನಿಂದಲೇ ಅವನ ಬಟ್ಟೆ ಎಲ್ಲಾ ಲಾಂಡ್ರಿಗೆ ಕೊಟ್ಟು, ಇಸ್ತ್ರಿ ಮಾಡಿಸಿ, ಕವರ್‌ನಲ್ಲಿ ಹಾಕಿ ತಂದುಕೊಟ್ಟರು. ನಮ್ಮಮ್ಮ ಅದನ್ನು ಮುಖಕ್ಕೆ ಹಿಡಿದುಕೊಂಡರು. ಸೋಪಿನ ವಾಸನೆ. "ಇದು ನನ್ನ ಮಗಂದಲ್ಲ" ಅಂತ ಕೆಳಗಿಟ್ಟುಬಿಟ್ಟರು. ಮನೆಯಲ್ಲಿ ಅವನ ವಾಸನೆ ಉಳಿದಿದ್ದ ಯಾವ ಬಟ್ಟೆಯೂ ಇರಲಿಲ್ಲ ಆಗ. ನೀವು ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಣ್ಣು ಸಮೇತ ಕೊಡಿ. ಕೊರಿಯರ್ ಅಲ್ಲ, ಪಿ.ಟಿ. ಸರ್ ಕೈಲಿ ಅಲ್ಲ, ಅವನ ಪಕ್ಕದ ಚೌಕದಲ್ಲಿ ಕೂರುತ್ತಿದ್ದ ಹುಡುಗ ಯಾರೋ ಅವನೇ ಹೋಗಿ ಕೊಡಲಿ.

ಇನ್ನೊಂದು ವಿಷಯ. ಆಕ್ಸಿಡೆಂಟ್ ಆದ ಜಾಗದ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತೆ, ನನಗೆ ಗೊತ್ತು. ನಿಮ್ಮ ಕಾಲೇಜಿನ ಒಂದೊಂದು ಗ್ರೂಪಿಗೂ ಹೋಗಿ ಅಳಿಸಿ ಅಂತ ಕೇಳಿ. ಬೇಡಿಕೊಳ್ಳಿ, ಬೇಕಾದರೆ ಜಗಳ ಮಾಡಿ. ನಾನು ನನ್ನ ತಮ್ಮನನ್ನು ಕೊನೇ ಸಲ ನೋಡಿದ್ದು ಯಾರದೋ ಸ್ಟೇಟಸ್‌ನಲ್ಲಿ, ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕಿದ್ದರು. ಅದನ್ನು ಹಾಕಿದವನು ನಮ್ಮ ಊರಿನ ಹುಡುಗನೇ.

ಹಾಲು-ತುಪ್ಪಕ್ಕೆ ಟೀಮಿನವರೆಲ್ಲಾ ಬರುತ್ತಾರೆ. ಹನ್ನೊಂದನೇ ದಿನ ತಿಥಿಗೂ ಬರುತ್ತಾರೆ. ಆಮೇಲೆ ಯಾರೂ ಬರೋದಿಲ್ಲ. ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ 2018ರ ನವೆಂಬರ್ 24ರಂದು ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಹೋದರಲ್ಲ, ಸ್ಕೂಲ್ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ಅವರೂ ತೀರಿಕೊಂಡರು. ಇಡೀ ಜಿಲ್ಲೆ ಅಳುತ್ತಿತ್ತು. ಜನರ ಕಣ್ಣೀರು ಸುಳ್ಳಲ್ಲ, ಆದರೆ ಅವರಿಗೂ ಅವರವರ ಕೆಲಸ ಇರುತ್ತೆ, ಹೋಗುತ್ತಾರೆ. ಉಳಿಯೋದು ಮನೆಯವರು. ನನ್ನ ತಮ್ಮನ ಟೀಮಿನಲ್ಲಿ ಒಬ್ಬ ಹುಡುಗ ಇದ್ದ, ಜಾಸ್ತಿ ಮಾತಾಡುವವನಲ್ಲ. ಅವನು ಮಾತ್ರ ಪಿತೃಪಕ್ಷದ ಮಾರ್ಲಾಮಿ ಹಬ್ಬಕ್ಕೆ ಬಂದ. ಅಮ್ಮ ಎಡೆಗೆ ಎಲ್ಲಾ ಇಟ್ಟಿದ್ದರು, ಒಬ್ಬಟ್ಟು, ವಡೆ, ಕೋಳಿ ಸಾರು. ಈ ಹುಡುಗ ಜೇಬಿನಿಂದ ಎರಡು ಕಡಲೆ ಮಿಠಾಯಿ ತೆಗೆದು, "ಅಮ್ಮಾ, ಪ್ರಾಕ್ಟೀಸ್ ಆದ್ಮೇಲೆ ಇದನ್ನೇ ತಿಂತಿದ್ದ, ಇದನ್ನೂ ಇಡಿ" ಅಂದ. ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಮಗನ ಬಗ್ಗೆ ಒಂದು ಹೊಸ ವಿಷಯ ಸಿಕ್ಕಿತಲ್ಲ ಅಂತ ಆವತ್ತು ಅಳುತ್ತಲೇ ಖುಷಿಪಟ್ಟರು. ನಿಮ್ಮ ಹತ್ತಿರ ಅಂಥ ವಿಷಯ ಎಷ್ಟೋ ಇದೆ ತಮ್ಮಾ. ಈ ಭುಜದ ಮಾತು, ಸುಣ್ಣದ ಗೆರೆ, ಅದನ್ನೆಲ್ಲಾ ಆ ಮನೆಗಳಿಗೆ ಹೋಗಿ ಹೇಳು.

ಎರಡನೆಯವನ ಅಪ್ಪನ ಮಾತು ಮೀರಬೇಡಿ. ಅವರನ್ನು ಒಪ್ಪಿಸೋಕೂ ಹೋಗಬೇಡಿ. ಸುಮ್ನೆ ಹೋಗಿ ಕೂತುಕೊಂಡು ಬನ್ನಿ. ಆಟದ ವಿಷಯ ಅವರಾಗಿ ಎತ್ತಿದರೆ ಮಾತಾಡಿ.

ಮಂಡ್ಯ ಖೋ ಹುಡುಗ

ಅಕ್ಕಾ, ಟೀಮಿನವರಿಗೆ ಹೇಳಿದೆ. ಜರ್ಸಿ ಈಗ ನನ್ನ ಹತ್ತಿರ ಇದೆ, ಕವರ್‌ನಲ್ಲಿ ಕಟ್ಟಿಟ್ಟಿದ್ದೇನೆ. ವಿಡಿಯೋ ವಿಷಯ ನಿಜ, ನಮ್ಮ ಕ್ಲಾಸ್ ಗ್ರೂಪಿನಲ್ಲೇ ಇತ್ತು. ಅಳಿಸಿದರು. ಬೇರೆ ಗ್ರೂಪುಗಳಿಗೂ ಕೇಳುತ್ತಿದ್ದೇವೆ.

ಸರ್, ನೀವು ಹೇಳಿದ ಒಟ್ಟಿಗೆ ಹೋಗಿ ಒಟ್ಟಿಗೆ ಬರುವ ಮಾತನ್ನು ನಮ್ಮ ಪಿ.ಟಿ. ಸರ್‌ಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮಾರನೇ ದಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ಬಸ್ಸಿಗೆ ಅರ್ಜಿ ಕೊಟ್ಟಿದ್ದಾರೆ.

ಕಾಲೇಜು ಗೇಟಿನ ಹತ್ತಿರ ಫ್ಲೆಕ್ಸ್ ಕಟ್ಟಿದ್ದಾರೆ. ಮೂವರ ಫೋಟೋ ಚಿಕ್ಕದು, ಕಟ್ಟಿಸಿದವರ ಫೋಟೋ ದೊಡ್ಡದು. ಅದನ್ನು ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ.

ಲಾರಮಿ ಮಂಡ್ಯದವನು

ನಾನು ಮಂಡ್ಯದವನೇ. ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿ ಅನ್ನೋ ಊರಲ್ಲಿ ಓದಿದೆ. ಏಳು ಸಾವಿರ ಅಡಿಗಿಂತ ಎತ್ತರದಲ್ಲಿರೋ, ಗಾಳಿ ಬೀಸೋ ಸಣ್ಣ ಊರು. ಅಲ್ಲಿನ ಯೂನಿವರ್ಸಿಟಿ ಬಿಟ್ಟರೆ ಊರಲ್ಲಿ ಹೆಚ್ಚೇನಿಲ್ಲ. ನಿನ್ನ ಪೋಸ್ಟ್ ಓದಿದ ತಕ್ಷಣ ಆ ಊರೇ ನೆನಪಾಯಿತು.

2001ರ ಸೆಪ್ಟೆಂಬರ್ 16ರಂದು ಮಧ್ಯರಾತ್ರಿ ಕಳೆದ ಮೇಲೆ ಆ ಯೂನಿವರ್ಸಿಟಿಯ ಕ್ರಾಸ್ ಕಂಟ್ರಿ ಓಟದ ಟೀಮಿನ ಎಂಟು ಹುಡುಗರು ಒಂದೇ ಗಾಡಿಯಲ್ಲಿ ಲಾರಮಿಗೆ ವಾಪಸ್ ಬರುತ್ತಿದ್ದರು. ಹೆದ್ದಾರಿ 287ರಲ್ಲಿ ಎದುರಿನಿಂದ ಬಂದ ಪಿಕಪ್ ನೇರವಾಗಿ ಗುದ್ದಿತು. ಎಂಟೂ ಜನ ಹೋದರು. ಆ ಪಿಕಪ್ ಓಡಿಸುತ್ತಿದ್ದವನು ಕುಡಿದಿದ್ದ. ಅವನು ಬದುಕಿದ, ಜೈಲಿಗೆ ಹೋದ. ಅವನೂ ಅದೇ ಯೂನಿವರ್ಸಿಟಿ ಹುಡುಗ. ಯೋಚನೆ ಮಾಡು, ಅಷ್ಟು ಸಣ್ಣ ಊರು, ಸತ್ತವರೂ ಅವರ ಮಕ್ಕಳೇ, ಕೊಂದವನೂ ಅವರ ಮಗನೇ.

ಆಮೇಲೆ 2024ರ ಫೆಬ್ರವರಿ 22ರಂದು ಅದೇ 287ರಲ್ಲಿ, ಕೊಲರಾಡೋ ಕಡೆ, ಅದೇ ಯೂನಿವರ್ಸಿಟಿಯ ಈಜು ಟೀಮಿನ ಮೂವರು ಹೋದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಒಬ್ಬ ಹುಡುಗ ದಕ್ಷಿಣ ಆಫ್ರಿಕಾದಿಂದ ಬಂದಿದ್ದವನು. ಗಾಡಿಯಲ್ಲಿದ್ದ ಇನ್ನಿಬ್ಬರು ಗಾಯಗೊಂಡು ಉಳಿದರು. ಆ ದಿನ ಅಲ್ಲಿನ ಹಳಬರ ಬಾಯಲ್ಲಿ ಬಂದಿದ್ದು ಎಂಟು ಜನರ ಮಾತೇ. 2001ರಲ್ಲಿ ಹುಟ್ಟೇ ಇರದ ಹುಡುಗರಿಗೂ ಆ ಎಂಟು ಜನ ಯಾರು ಅಂತ ಗೊತ್ತಿತ್ತು.

ಆಡಬೇಕಾ ಅನ್ನೋದಕ್ಕೆ ನನಗೆ ಗೊತ್ತಿರೋ ಇನ್ನೊಂದು ಟೀಮು ಇದೆ. ಒಹಾಯೋ ರಾಜ್ಯದ ಬ್ಲಫ್ಟನ್ ಅನ್ನೋ ಸಣ್ಣ ಕಾಲೇಜಿನ ಬೇಸ್‌ಬಾಲ್ ಟೀಮು. 2007ರ ಮಾರ್ಚ್ 2ರಂದು ಪಂದ್ಯ ಆಡೋಕೆ ಫ್ಲಾರಿಡಾಕ್ಕೆ ಹೋಗುತ್ತಿದ್ದರು. ಅಟ್ಲಾಂಟಾದಲ್ಲಿ ಬೆಳಗಿನ ಜಾವ ಅವರ ಬಸ್ಸು ಫ್ಲೈಓವರ್ ಮೇಲಿಂದ ಕೆಳಗೆ ಬಿತ್ತು. ಡ್ರೈವರ್ ಹೊರಗೆ ಹೋಗುವ ದಾರಿಯನ್ನೇ ಹೆದ್ದಾರಿಯ ಲೇನ್ ಅಂದುಕೊಂಡಿದ್ದ. ಐದು ಆಟಗಾರರು, ಡ್ರೈವರ್, ಅವರ ಹೆಂಡತಿ, ಒಟ್ಟು ಏಳು ಜನ. ಉಳಿದ ಹುಡುಗರು ಅದೇ ಸೀಸನ್ನಿನಲ್ಲಿ ಮತ್ತೆ ಮೈದಾನಕ್ಕೆ ಇಳಿದರು. ಯಾರೂ ಒತ್ತಾಯ ಮಾಡಿದ್ದಲ್ಲ, ಅವರೇ ಕೂತು ತೀರ್ಮಾನ ಮಾಡಿದ್ದು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಅಲ್ಲಿ ಹೋದ ಒಬ್ಬ ಹುಡುಗನ ಅಪ್ಪನ ಕೆಲಸ. ಆ ಬಸ್ಸಲ್ಲಿ ಹುಡುಗರಿಗೆ ಸೀಟ್ ಬೆಲ್ಟ್ ಇರಲಿಲ್ಲ. ಅವರು ಅದೊಂದನ್ನೇ ಹಿಡಿದರು. ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಅಲೆದರು, ಸಿಕ್ಕಸಿಕ್ಕವರ ಮುಂದೆ ಮಾತಾಡಿದರು. ಕೊನೆಗೆ 2013ರಲ್ಲಿ ಹೊಸ ದೊಡ್ಡ ಬಸ್ಸುಗಳಿಗೆಲ್ಲಾ ಬೆಲ್ಟ್ ಕಡ್ಡಾಯ ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿತು. ನಿಮ್ಮ ವಿಷಯದಲ್ಲಿ ಆ ಟ್ರ್ಯಾಕ್ಟರಿನ ಹಿಂದೆ ಇಲ್ಲದಿದ್ದ ರೇಡಿಯಂ ಇದೆಯಲ್ಲ, ಅದರ ಬಗ್ಗೆ ಯೋಚನೆ ಮಾಡಿ. ಫ್ಲೆಕ್ಸ್ ಬಿಟ್ಟುಬಿಡು, ಮಳೆ ಬಂದರೆ ಹರಿದುಹೋಗುತ್ತೆ.

ನರಸೀಪುರ ಚೇಸರ್

ಅಣ್ಣಾ, ನಾನು ಟಿ. ನರಸೀಪುರ ತಾಲ್ಲೂಕಿನವಳು, ಖೋ-ಖೋ ಆಡುತ್ತೇನೆ. ಚಿಕ್ಕವನ ಫೋನಿನ ಫೋಟೋ ವಿಷಯ ಓದಿ ತುಂಬಾ ಅತ್ತೆ. ನಮ್ಮ ಕಡೆಯ ಒಂದು ಹಳ್ಳಿಯ ಹೆಸರು ಹೇಳಿಕೊಂಡು ಒಬ್ಬ ಹುಡುಗ ಮಂಡ್ಯದಲ್ಲಿ ದಿನಾ ಬೆಳಗ್ಗೆ ಗೆರೆ ಹಾಕುತ್ತಿದ್ದ ಅಂತ ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಬ್ಯಾಚ್ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದು ದೊಡ್ಡವರು ಹೇಳಿದ್ದಾರೆ. ಹೊಸಬರನ್ನು ಮೂರು ಜನ ಆರಿಸಿ ಫಸ್ಟ್ ಬ್ಯಾಚ್ ಅಂತ ಇಳಿಸಬೇಡಿ. ಅವರು ಓಡುವಾಗ ಎಲ್ಲರೂ ಬೇರೆ ಮೂವರನ್ನು ನೋಡುತ್ತಿರುತ್ತಾರೆ, ಅದು ಅವರಿಗೂ ಗೊತ್ತಾಗುತ್ತೆ. ಬ್ಯಾಚ್ ಆರ್ಡರ್ ಸ್ಕೋರರ್‌ಗೆ ಮೊದಲೇ ಬರೆಸಬೇಕು, ಆದರೆ ಯಾರು ಮೊದಲು ಅನ್ನೋದು ನಿಮ್ಮ ಇಷ್ಟ. ನಿಮ್ಮ ಹಳೇ ಸೆಕೆಂಡ್ ಬ್ಯಾಚನ್ನು ಹಾಗೇ ಒಟ್ಟಿಗೆ ಇಟ್ಟು ಮೊದಲು ಇಳಿಸಿ. ಅವರು ಒಬ್ಬರಿಗೊಬ್ಬರು ಗೊತ್ತಿರುವವರು, ಯಾವಾಗ ಚೈನ್ (ಕೂತವರ ನಡುವೆ ಅಂಕುಡೊಂಕಾಗಿ ಓಡೋದು) ಹಿಡಿಯಬೇಕು, ಯಾವಾಗ ಜಾಗ ಬಿಟ್ಟುಕೊಡಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಹಳೇ ಥರ್ಡ್ ಬ್ಯಾಚ್ ಎರಡನೆಯದಾಗಲಿ. ಹೊಸ ಹುಡುಗರು ಕೊನೇ ಬ್ಯಾಚ್‌ಗೆ ಬರಲಿ. ಅಷ್ಟು ಹೊತ್ತಿಗೆ ಮ್ಯಾಚ್ ಬಿಸಿಯಾಗಿರುತ್ತೆ, ಯೋಚನೆ ಮಾಡೋಕೆ ಟೈಮೇ ಇರಲ್ಲ.

ಮೂವರ ಜರ್ಸಿ ನಂಬರ್ ಹೊಸಬರಿಗೆ ಕೊಡಬೇಡಿ. ಪ್ರಾಕ್ಟೀಸ್‌ನಲ್ಲಿ ಡಿಫೆನ್ಸ್‌ಗೆ ನೀವೇ ಮೊದಲು ಎದ್ದುಬಿಡಿ ಅಣ್ಣಾ. ಯಾರು ಬರುತ್ತೀರಿ ಅಂತ ಕೇಳಬೇಡಿ. ನೀವು ಎದ್ದರೆ ಹಿಂದೆ ಇನ್ನಿಬ್ಬರು ಬರುತ್ತಾರೆ.

ವಕೀಲ, ಮಂಡ್ಯ ಕೋರ್ಟ್

ದುಃಖದ ನಡುವೆ ದುಡ್ಡಿನ ಮಾತು ಅಂತ ಬೇಸರ ಬೇಡ, ಆ ಮನೆಗಳಿಗೆ ಇದು ಬೇಕಾಗುತ್ತೆ. ಮೂರೂ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ಲೇಮ್ 166ನೇ ಸೆಕ್ಷನ್ ಕೆಳಗೆ ಹಾಕಬಹುದು. 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ಸೇರಿಸಿದ್ದಾರೆ, ಆದ್ದರಿಂದ ವರ್ಷದ ಕಾರ್ಯ ಮುಗಿಯಲಿ ಅಂತ ಕಾಯಬೇಡಿ. ಎಫ್‌ಐಆರ್, ಸ್ಥಳ ಮಹಜರು, ಪೋಸ್ಟ್‌ಮಾರ್ಟಂ ವರದಿ, ಎರಡೂ ಗಾಡಿಯ ಇನ್ಶೂರೆನ್ಸ್ ಪ್ರತಿ ತೆಗೆದಿಟ್ಟುಕೊಳ್ಳಿ. ಮಹಜರಿನಲ್ಲಿ ಟ್ರೇಲರ್ ಹಿಂದೆ ಲೈಟ್, ರಿಫ್ಲೆಕ್ಟರ್ ಇರಲಿಲ್ಲ ಅಂತ ಬರೆದಿದ್ದಾರಾ ನೋಡಿ. ಅದು ಮುಖ್ಯ.

ಪ್ರಯಾಣಿಕರಾಗಿದ್ದ ಇಬ್ಬರ ಮನೆಯವರು ಕಾರು, ಟ್ರ್ಯಾಕ್ಟರ್ ಎರಡರ ಮೇಲೂ ಕ್ಲೇಮ್ ಹಾಕಬಹುದು. ಓಡಿಸುತ್ತಿದ್ದವನ ಮನೆಯವರು ಟ್ರ್ಯಾಕ್ಟರಿನ ಮೇಲೆ ಹಾಕಬೇಕು, ಅವನದ್ದೂ ತಪ್ಪು ಸ್ವಲ್ಪ ಇದೆ ಅಂತ ಕೋರ್ಟಿಗೆ ಅನ್ನಿಸಿದರೆ ಅಷ್ಟು ಭಾಗ ಕಡಿಮೆ ಆಗುತ್ತೆ. ಓದುವ ಹುಡುಗನಿಗೆ ಸಂಬಳ ಇರಲಿಲ್ಲ, ಏನೂ ಸಿಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂದಾಜು ಆದಾಯ ಲೆಕ್ಕ ಹಿಡಿಯುತ್ತಾರೆ. ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳೋಕೆ ಬರುವವರು ಇರುತ್ತಾರೆ, ಅಂಥ ಕಡೆ ಸಹಿ ಹಾಕದಿರಲಿ. ಫೀಸು ಕೊಡೋಕೆ ಕಷ್ಟ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಮಂಡ್ಯ ಖೋ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ.

ಜರ್ಸಿ ಕೊಟ್ಟು ಬಂದೆವು. ಅವನ ಪಕ್ಕದ ಚೌಕದಲ್ಲಿ ಕೂರುತ್ತಿದ್ದವನು ನಾನೇ. ಚಿಕ್ಕವನ ಅಮ್ಮ ಕವರ್ ಬಿಚ್ಚಿದರು, ಮೂಗಿಗೆ ಹಿಡಿದರು, ಆಮೇಲೆ ತೊಡೆ ಮೇಲೆ ಇಟ್ಟುಕೊಂಡು ಬೆನ್ನಿನ ಹತ್ತಿರ ಒಣಗಿದ್ದ ಮಣ್ಣನ್ನು ಬೆರಳಲ್ಲಿ ಸವರುತ್ತಾ ಕೂತರು. ಖೋ ಕೊಡುವಾಗ ಬೆನ್ನಿಗೆ ಕೈ ತಾಗುತ್ತಲ್ಲ, ಅದರ ಗುರುತು ಅಲ್ಲಿತ್ತು. ಇದು ಯಾರ ಕೈ ಅಂತ ಕೇಳಿದರು. ನನ್ನದೇ ಇರಬಹುದು ಅಮ್ಮಾ ಅಂದೆ. ನನ್ನ ಕೈ ಹಿಡಿದುಕೊಂಡರು. ಊಟ ಮಾಡಿಸಿಯೇ ಕಳಿಸಿದರು.

ಎರಡನೆಯವನ ಅಪ್ಪನ ಮನೆಗೂ ಹೋದೆವು. ಅಕ್ಕ ಹೇಳಿದ ಹಾಗೆ ಸುಮ್ನೆ ಕೂತೆವು. ಕಾಫಿ ಕೊಟ್ಟರು. ಹೊಲ, ಮಳೆ ಅಂತ ಮಾತಾಡಿದರು. ಆಟದ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವರ ಮನಸ್ಸು ಬದಲಾಗಿಲ್ಲ. ಹಾಗಾಗಿ ಗ್ರೌಂಡಿನಲ್ಲಿ ಮೌನ ಆಚರಿಸುವಾಗ ಯಾರ ಹೆಸರನ್ನೂ ಓದುವುದಿಲ್ಲ ಅಂತ ತೀರ್ಮಾನ ಮಾಡಿದೆವು. ಇಬ್ಬರ ಹೆಸರು ಓದಿ ಒಬ್ಬನದು ಬಿಡೋಕೆ ನಮ್ಮಿಂದ ಆಗಲ್ಲ.

ಆಡುತ್ತೇವೆ. ಟೀಮೆಲ್ಲಾ ಕೂತು ಮಾತಾಡಿ ಒಪ್ಪಿದ್ದು. ಒಬ್ಬ ಹುಡುಗ ಈ ವರ್ಷ ಆಗಲ್ಲ ಅಂದ, ಅವನಿಗೆ ಯಾರೂ ಏನೂ ಅನ್ನಲಿಲ್ಲ. ಸೆಕೆಂಡ್ ಬ್ಯಾಚ್ ಮೊದಲು ಇಳಿಯುತ್ತೆ. ತಂಗಿ ಹೇಳಿದ ಹಾಗೆ ನಾನೇ ಮೊದಲು ಎದ್ದೆ, ಇಬ್ಬರು ಹಿಂದೆ ಬಂದರು. ಕಾಲೇಜಿನಿಂದ ಬಸ್ ಸಿಕ್ಕಿದೆ, ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಬರೋದು. ವಕೀಲರು ಬರೆದದ್ದನ್ನು ಪ್ರಿಂಟ್ ತೆಗೆದು ಮೂರೂ ಮನೆಗೆ ಕೊಟ್ಟಿದ್ದೇವೆ.

ಇನ್ನೊಂದು. ಲಾರಮಿ ಅಣ್ಣ ಬರೆದ ಆ ಅಪ್ಪನ ವಿಷಯವನ್ನು ಕ್ಯಾಪ್ಟನ್‌ನ ಅಪ್ಪನಿಗೆ ಓದಿ ಹೇಳಿದೆ. ಅವರು ಆ ಕ್ಷಣ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ನಮ್ ಟ್ರೇಲರ್‌ಗೂ ಇಲ್ಲ ಕಣಪ್ಪ ಅದು. ಮೊದಲು ನಮ್ದುಕ್ಕೆ ಅಂಟಿಸ್ಕೊಡಿ, ಆಮೇಲೆ ನಮ್ಮೂರಿಂದಕ್ಕೆಲ್ಲಾ ಅಂಟಿಸೋಣ" ಅಂದರು. ಕಬ್ಬು ಕಟಾವು ನಡೆಯುತ್ತಿದೆ, ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ಭಾನುವಾರ ಪ್ರಾಕ್ಟೀಸ್ ಆದ ಮೇಲೆ ಟೀಮೆಲ್ಲಾ ಹೋಗುತ್ತೇವೆ, ಅವರೂ ಬರುತ್ತಾರೆ. ರೇಡಿಯಂ ಟೇಪು ರೋಲ್ ಲೆಕ್ಕದಲ್ಲಿ ಮಂಡ್ಯದಲ್ಲೋ ಮೈಸೂರಲ್ಲೋ ಕಡಿಮೆ ರೇಟಿಗೆ ಎಲ್ಲಿ ಸಿಗುತ್ತೆ? ಯಾವ ಬಣ್ಣ ಎಲ್ಲಿ ಹಾಕಬೇಕು?

ಹಳೇ ಪಿ.ಟಿ. ಮೇಷ್ಟ್ರು, ಮೈಸೂರು

ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಟ್ರೇಲರ್ ಹಲಗೆ ಮೇಲಿನ ಮಣ್ಣು, ಎಣ್ಣೆ ಒರೆಸಿ ಒಣಗಿಸಿ ಅಂಟಿಸಿ, ಇಲ್ಲದಿದ್ದರೆ ವಾರದಲ್ಲಿ ಕಿತ್ತು ಬರುತ್ತೆ. ಕಬ್ಬು ಹೊರಗೆ ಚಾಚಿ ಹಲಗೆ ಮುಚ್ಚಿಹೋಗುತ್ತಲ್ಲ, ಅದಕ್ಕೆ ಒಂದು ಗೋಣಿ ತಾಟಿಗೂ ಕೆಂಪು ಟೇಪು ಹೊಲಿಸಿ, ಲೋಡಿನ ಮೇಲೆ ಕಟ್ಟೋಕೆ ಕೊಡಿ. ಮೈಸೂರಲ್ಲಿ ಗಾಡಿ ಸ್ಟಿಕ್ಕರ್ ಅಂಗಡಿಯವರು ಪರಿಚಯ ಇದ್ದಾರೆ, ನಾಳೆ ವಿಚಾರಿಸುತ್ತೇನೆ. ಮೊದಲ ರೋಲ್‌ಗಳು ನನ್ನ ಲೆಕ್ಕ. ಭಾನುವಾರ ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು ತಿಳಿಸು.